ಕ್ಯಾನ್ಸರ್ ಚಿಕಿತ್ಸೆ ಮುಗಿದ ಮೇಲೆ ಮೈ ಉರಿ: ಮಾತ್ರೆ ನಿಲ್ಲಿಸುವ ಮುಂಚೆ ಇದನ್ನು ಕೇಳಿ

(ದೃಶ್ಯ: ಕುಮಟಾದ ಮನೆಯ ಜಗಲಿ, ಗೋಡೆಯ ಮೇಲೆ ಕ್ಯಾಲೆಂಡರ್)

ನಮಸ್ಕಾರ. ನಮ್ಮ ಕರಾವಳಿಯ ಮೇ ತಿಂಗಳ ಸೆಕೆ ಗೊತ್ತಲ್ವಾ? ನಮ್ಮ ಚಿಕ್ಕಮ್ಮನಿಗೆ ಅದು ಜನವರಿಯಲ್ಲೂ ಬರುತ್ತಿತ್ತು. ರಾತ್ರಿ ಎರಡು ಗಂಟೆಗೆ ಎದೆಯಿಂದ ಉರಿ ಎದ್ದು ಮುಖಕ್ಕೆ ಏರುತ್ತಿತ್ತು. ರವಿಕೆ, ದಿಂಬು ಎಲ್ಲ ಒದ್ದೆ. ಸ್ವಲ್ಪ ಹೊತ್ತಿಗೆ ಚಳಿ. ಸ್ತನ ಕ್ಯಾನ್ಸರ್‌ನ ಕೀಮೋ ಮುಗಿದು ಎಂಟು ತಿಂಗಳಾಗಿತ್ತು. "ಜೀವ ಉಳಿದಿದೆಯಲ್ಲ, ಇದನ್ನೇನು ಡಾಕ್ಟರ್‌ಗೆ ಹೇಳುವುದು" ಎಂದು ಸುಮ್ನಿದ್ದರು. ಒಂದು ದಿನ ಅಕ್ಕಿ ಡಬ್ಬಿಯ ಹಿಂದೆ ಮುಟ್ಟದೇ ಇಟ್ಟ ಟಮಾಕ್ಸಿಫೆನ್ ಸ್ಟ್ರಿಪ್‌ಗಳು ಸಿಕ್ಕವು, ಕ್ಯಾನ್ಸರ್ ಮರಳದಿರಲಿ ಎಂದು ಡಾಕ್ಟರ್ ಕೊಟ್ಟ ಮಾತ್ರೆ. ತಾವೇ ನಿಲ್ಲಿಸಿಬಿಟ್ಟಿದ್ದರು. ಈ ವಿಡಿಯೋ ಮಾಡುತ್ತಿರುವುದು ಅದಕ್ಕೇ.

ಕೀಮೋದಿಂದ ಅಂಡಾಶಯ ಕೆಲಸ ನಿಲ್ಲಿಸಬಹುದು. ಈಸ್ಟ್ರೋಜನ್ ಎಂಬ ಹೆಣ್ಣು ಹಾರ್ಮೋನ್‌ನಿಂದ ಬೆಳೆಯುವ ಕ್ಯಾನ್ಸರ್ ಆಗಿದ್ದರೆ ಅದನ್ನು ತಡೆಯುವ ಟಮಾಕ್ಸಿಫೆನ್ ಅಥವಾ ಲೆಟ್ರೊಜೋಲ್‌ನಂಥ ಮಾತ್ರೆ 5 ವರ್ಷ, ಕೆಲವರಿಗೆ 10 ವರ್ಷ. ನಿಧಾನಕ್ಕೆ ಬರಬೇಕಾದ ಮುಟ್ಟು ನಿಲ್ಲುವ ತೊಂದರೆಗಳು ಒಮ್ಮೆಲೇ ಮೈಮೇಲೆ ಬೀಳುತ್ತವೆ. ಆದರೆ ಕ್ಯಾನ್ಸರ್ ಮರಳದಂತೆ ಕಾಯುವುದೂ ಅದೇ ಮಾತ್ರೆ.

ಇಂಥ ಉರಿಗೆ ಉಳಿದ ಹೆಂಗಸರಿಗೆ ಕೊಡುವ ಹಾರ್ಮೋನ್ ಮಾತ್ರೆಯನ್ನು ಸ್ತನ ಕ್ಯಾನ್ಸರ್ ಆದವರಿಗೆ ಸಾಮಾನ್ಯವಾಗಿ ಕೊಡುವುದಿಲ್ಲ. ಸ್ತನ ಕ್ಯಾನ್ಸರ್ ಆಗಿದ್ದವರಿಗೆ ಈ ಹಾರ್ಮೋನ್ ಕೊಟ್ಟು ನೋಡಿದ ಹ್ಯಾಬಿಟ್ಸ್ ಎಂಬ ಪ್ರಯೋಗವನ್ನು 2003ರಲ್ಲಿ ಅರ್ಧಕ್ಕೇ ನಿಲ್ಲಿಸಿದರು. ಹಾರ್ಮೋನ್ ತೆಗೆದುಕೊಂಡವರಲ್ಲಿ ಕ್ಯಾನ್ಸರ್ ಮತ್ತೆ ಕಾಣಿಸಿದ್ದು ಜಾಸ್ತಿ ಇತ್ತು.

ಹಾಗಂತ ದಾರಿಯೇ ಇಲ್ಲ ಅಂತಲ್ಲ. ವೆನ್ಲಾಫ್ಯಾಕ್ಸಿನ್, ಗಾಬಾಪೆಂಟಿನ್, ಆಕ್ಸಿಬ್ಯುಟಿನಿನ್, ಇವು ಹಾರ್ಮೋನ್ ಅಲ್ಲ, ಉರಿ ಕಡಿಮೆ ಮಾಡುತ್ತವೆ. ಮೊದಲನೆಯದು ಖಿನ್ನತೆಗೂ ಕೊಡುವ ಔಷಧ. "ನನಗೇನು ತಲೆ ಕೆಟ್ಟಿದೆಯಾ" ಎಂದು ಬೇಜಾರು ಬೇಡ, ಇಲ್ಲಿ ಅದು ಉರಿಗೇ ಕೊಡುವುದು.

(ದೃಶ್ಯ: ಟಮಾಕ್ಸಿಫೆನ್ ಸ್ಟ್ರಿಪ್ ಹತ್ತಿರದಿಂದ)

ಇದನ್ನು ಗಮನಿಸಿ. ಖಿನ್ನತೆಗೇ ಕೊಡುವ ಬೇರೆ ಎರಡು ಔಷಧ, ಪ್ಯಾರಾಕ್ಸೆಟಿನ್ ಮತ್ತು ಫ್ಲೂಯೊಕ್ಸೆಟಿನ್, ಟಮಾಕ್ಸಿಫೆನ್‌ನ ಬಲ ಕುಗ್ಗಿಸಬಹುದು. ಜ್ವರಕ್ಕೆ ಹೋದರೂ ಡಾಕ್ಟರ್‌ಗೆ ಈ ಟಮಾಕ್ಸಿಫೆನ್ ಸ್ಟ್ರಿಪ್ ತೋರಿಸಿ.

ಇನ್ನೊಂದು, ಯಾರೂ ಬಾಯಿ ಬಿಡದ್ದು. ಯೋನಿ ಒಣಗಿ ಉರಿಯುವುದು, ಗಂಡನ ಜೊತೆ ಸೇರುವಾಗ ನೋವು. ಇದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ ಅಕ್ಕಾ. ನೀರಿನಂಶದ ಜೆಲ್, ಹಾರ್ಮೋನ್ ಇಲ್ಲದ ಮಾಯಿಶ್ಚರೈಸರ್ ಸಿಗುತ್ತವೆ. ಈಸ್ಟ್ರೋಜನ್ ಕ್ರೀಮ್ ಮಾತ್ರ ಕ್ಯಾನ್ಸರ್ ಡಾಕ್ಟರನ್ನು ಕೇಳದೇ ಬೇಡ. ಟಮಾಕ್ಸಿಫೆನ್ ತಿನ್ನುವಾಗ, ನಿಂತ ಮುಟ್ಟು ಮತ್ತೆ ಕಂಡರೆ ಅಥವಾ ಒಂದೇ ಕಾಲು ಊದಿದರೆ ತಡ ಮಾಡದೇ ತೋರಿಸಿ.

ಲೆಟ್ರೊಜೋಲ್‌ನವರಿಗೆ ಗಂಟು ನೋವು ಜಾಸ್ತಿ, ಮೂಳೆಯೂ ಸವೆಯುತ್ತದೆ. ಮೂಳೆಯ ಗಟ್ಟಿತನ ನೋಡುವ ಸ್ಕ್ಯಾನ್ (ಡೆಕ್ಸಾ) ಕೇಳಿ, ದಿನಾ ನಡೆಯಿರಿ.

ಚಿಕ್ಕಮ್ಮ ಮಾಡಿದ್ದು ಇಷ್ಟು. ಉರಿ ಬಂದಾಗಲೆಲ್ಲ ಕ್ಯಾಲೆಂಡರ್ ಮೇಲೆ ಪೆನ್ಸಿಲ್‌ನಿಂದ ಒಂದು ಗೀಟು. ತಿಂಗಳ ಹಾಳೆ ಹರಿದು, ಮಡಚಿ ಚೀಲದಲ್ಲಿಟ್ಟು, ದೇವಿಮನೆ ಘಟ್ಟ ಹತ್ತಿ ಹುಬ್ಬಳ್ಳಿಯ ಡಾಕ್ಟರ್ ಹತ್ತಿರ ಹೋದರು. ಬಾಯಲ್ಲಿ ಹೇಳಲು ಕಷ್ಟವಾಗಿದ್ದನ್ನು ಆ ಹಾಳೆ ಹೇಳಿತು. ಈಗ ಟಮಾಕ್ಸಿಫೆನ್ ಡಬ್ಬಿ ದೇವರ ದೀಪದ ಪಕ್ಕದಲ್ಲೇ ಇರುತ್ತದೆ.