ಟಿಕೆಟ್ ಮೊದಲು, ವಿಮಾನ ಆಮೇಲೆ

ಕೇಳುಗರಿಗೆ ನಮಸ್ಕಾರ.

ಶನಿವಾರ ರಾತ್ರಿ ಎಂಟೂವರೆಗೆ ಕೋಲಾರದಲ್ಲೋ ಬಂಗಾರಪೇಟೆಯಲ್ಲೋ ಊಟದ ತಟ್ಟೆ ಮುಂದಿಟ್ಟುಕೊಂಡು ಟಿವಿಯಲ್ಲಿ ಇಂಗ್ಲೆಂಡಿನ ಲಿವರ್‌ಪೂಲ್ ಫುಟ್ಬಾಲ್ ಕ್ಲಬ್ಬಿನ ಆಟ ನೋಡುವ ಹುಡುಗ ಹುಡುಗಿಯರೇ, ಈ ಮಾತು ನಿಮಗೆ. ಬೆಳಗಿನ ರೈಲು ಹಿಡಿದು ಬೆಂಗಳೂರಿಗೆ ದುಡಿಯಲು ಹೋಗುತ್ತೀರಿ, ನಾಲ್ಕು ಕಾಸು ಕೂಡಿಟ್ಟಿದ್ದೀರಿ, ಜೀವಮಾನದಲ್ಲಿ ಒಮ್ಮೆ ಆ ಕ್ಲಬ್ಬಿನ ಮೈದಾನ ಆನ್‌ಫೀಲ್ಡ್‌ನಲ್ಲೇ ಕೂತು ಆಟ ನೋಡಬೇಕು ಅನ್ನುತ್ತೀರಿ. ಖಂಡಿತ ನೋಡಬೇಕು. ಆದರೆ ಒಂದು ಮಾತು ಬರೆದಿಟ್ಟುಕೊಳ್ಳಿ: ಟಿಕೆಟ್ಟನ್ನು ಕ್ಲಬ್ಬಿನಿಂದಲೇ ಕೊಳ್ಳಿ, ನಿಮ್ಮ ಹೆಸರಿನಲ್ಲೇ ಕೊಳ್ಳಿ.

ಸಿನಿಮಾ ಟಾಕೀಸಿನ ಹೊರಗೆ ಬ್ಲ್ಯಾಕಲ್ಲಿ ಸಿಗುವ ಹಾಗೆ ಅಲ್ಲೂ ಸಿಗುತ್ತದಲ್ಲ ಎಂದು ಕೇಳುವವರಿದ್ದಾರೆ. ಸಿಗುತ್ತದೆ, ಆದರೆ ಅಪರಾಧ. ಅನುಮತಿಯಿಲ್ಲದೆ ಫುಟ್ಬಾಲ್ ಟಿಕೆಟ್ ಮರುಮಾರಾಟ ಮಾಡುವುದನ್ನು ಇಂಗ್ಲೆಂಡಿನಲ್ಲಿ 1994ರ ಕಾಯ್ದೆ ನಿಷೇಧಿಸಿದೆ. ಯಾಕೆಂದರೆ ಎರಡು ತಂಡಗಳ ಅಭಿಮಾನಿಗಳನ್ನು ಬೇರೆ ಬೇರೆ ಕಡೆ ಕೂರಿಸಬೇಕು. ಟಿಕೆಟ್ ಕೈ ಬದಲಾದರೆ ಯಾರು ಎಲ್ಲಿ ಬಂದು ಕೂತರು ಅನ್ನುವ ಲೆಕ್ಕವೇ ತಪ್ಪುತ್ತದೆ. ಈಗ ಟಿಕೆಟ್ ಅಂದರೆ ಕಾಗದವಲ್ಲ, ಮೊಬೈಲಿನಲ್ಲಿರುವ ಪಾಸು. ಗೇಟಿನ ಯಂತ್ರಕ್ಕೆ ಮೊಬೈಲ್ ತಾಗಿಸಿದರೆ ಹಸಿರು ದೀಪ, ಇಲ್ಲದಿದ್ದರೆ ಕೆಂಪು. ದಲ್ಲಾಳಿ ಕಳಿಸಿದ ಸ್ಕ್ರೀನ್‌ಶಾಟ್ ಹಿಡಿದುಕೊಂಡು ಹೋದರೆ ಬಾಗಿಲು ತೆರೆಯುವುದಿಲ್ಲ. ಕೊಟ್ಟ ದುಡ್ಡೂ ಹಿಂದೆ ಬರುವುದಿಲ್ಲ.

ಮಾಡಬೇಕಾದ್ದು ಹೀಗೆ. ಇಂಗ್ಲೆಂಡಿನ ಬೇಸಿಗೆಯಲ್ಲಿ, ಆಟದ ಹೊಸ ಋತು ಶುರುವಾಗುವ ಮೊದಲೇ ಕ್ಲಬ್ಬಿನ ಜಾಲತಾಣದಲ್ಲಿ ಸದಸ್ಯತ್ವ ಪಡೆಯಿರಿ. ಪಾಸ್‌ಪೋರ್ಟಿನಲ್ಲಿರುವ ಹಾಗೇ ಹೆಸರು ಬರೆಯಿರಿ. ಇಬ್ಬರು ಹೋಗುವುದಾದರೆ ಎರಡು ಸದಸ್ಯತ್ವ, ಒಂದರಲ್ಲಿ ಇಬ್ಬರಿಗೆ ನಡೆಯುವುದಿಲ್ಲ. ಸದಸ್ಯರಾದ ಮಾತ್ರಕ್ಕೆ ಸೀಟು ಖಾತ್ರಿಯಿಲ್ಲ; ಬೇಡಿಕೆ ಹೆಚ್ಚು, ಸೀಟು ಅರುವತ್ತೊಂದು ಸಾವಿರ ಚಿಲ್ಲರೆ, ಹಾಗಾಗಿ ಸದಸ್ಯರಲ್ಲಿ ಲಾಟರಿ ಎತ್ತುತ್ತಾರೆ. ಲಾಟರಿಯಲ್ಲಿ ನಿಮ್ಮ ಹೆಸರು ಬರದೆ ಹೋದರೆ ಊಟ ಸಮೇತ ಸಿಗುವ ದುಬಾರಿ ಪ್ಯಾಕೇಜನ್ನು ಕ್ಲಬ್ಬೇ ಮಾರುತ್ತದೆ. ಅದಾದರೂ ಸರಿ, ಕೊಳ್ಳುವುದು ಕ್ಲಬ್ಬಿನಿಂದಲೇ.

ವಿಮಾನದ ಟಿಕೆಟ್‌ಗೆ ಆತುರ ಬೇಡ. ಪಂದ್ಯಗಳ ಪಟ್ಟಿ ಜೂನ್‌ನಲ್ಲಿ ಬರುತ್ತದೆ, ನಿಜ. ಆದರೆ ಟಿವಿಯವರಿಗಾಗಿ ಶನಿವಾರದ್ದು ಭಾನುವಾರಕ್ಕೋ ಸೋಮವಾರ ರಾತ್ರಿಗೋ ಹೋಗಬಹುದು. ಯಾಕೆಂದರೆ ಅಲ್ಲಿನ ಶನಿವಾರ ಮಧ್ಯಾಹ್ನ 3ರ ಆಟವನ್ನು ಬ್ರಿಟನ್ನಿನವರೇ ಟಿವಿಯಲ್ಲಿ ನೇರವಾಗಿ ನೋಡುವಂತಿಲ್ಲ, ನಾವು ಕೋಲಾರದಲ್ಲಿ ಕೂತು ನೋಡುತ್ತೇವೆ! ಹಾಗಾಗಿ ಟಿವಿ ವೇಳಾಪಟ್ಟಿ ಬಂದ ಮೇಲೆ ವಿಮಾನ, ಹಿಂದೆ ಮುಂದೆ ಎರಡೆರಡು ದಿನ ಬಿಟ್ಟುಕೊಂಡು.

ಆಯ್ಕೆ ಇದ್ದರೆ ಎಲ್ಲಿ ಕೂರಬೇಕು? ಕಾಪ್‌ನಲ್ಲಿ. ಗೋಲಿನ ಹಿಂದಿನ ಆ ಕಡಿದಾದ ಸ್ಟ್ಯಾಂಡಿನ ಹೆಸರು ಎಲ್ಲಿಂದ ಬಂತು ಗೊತ್ತೇ? ದಕ್ಷಿಣ ಆಫ್ರಿಕಾದಲ್ಲಿ ಸ್ಪಿಯೋನ್ ಕಾಪ್ ಅಂತ ಒಂದು ಗುಡ್ಡ. ಕಾವಲು ಗುಡ್ಡ ಅನ್ನಿ. ನಮ್ಮ ಅಂತರಗಂಗೆಯ ಬೆಟ್ಟದ ನೆತ್ತಿಯಿಂದ ಕೋಲಾರವೆಲ್ಲ ಕಾಣುವುದಿಲ್ಲವೇ, ಹಾಗೆ ಸುತ್ತಲ ಸೀಮೆಯೆಲ್ಲ ಕಾಣುವ ಜಾಗ. ಬ್ರಿಟಿಷರಿಗೂ ಅಲ್ಲಿ ನೆಲೆಸಿದ್ದ ಡಚ್ ಮೂಲದ ಬೋಯರರಿಗೂ ನಡೆದ ಬೋಯರ್ ಯುದ್ಧದ ಘೋರ ಕಾಳಗ 1900ರ ಜನವರಿಯಲ್ಲಿ ಅಲ್ಲಿ ನಡೆಯಿತು. ಬ್ರಿಟಿಷ್ ಸೈನಿಕರು ರಾಶಿರಾಶಿಯಾಗಿ ಸತ್ತರು, ಅವರಲ್ಲಿ ಲಿವರ್‌ಪೂಲಿನವರೂ ಬಹಳ. ಗಾಯಾಳುಗಳನ್ನು ಸ್ಟ್ರೆಚರಿನಲ್ಲಿ ಹೊತ್ತವರು ಯಾರು? ನಮ್ಮವರು! ಸುಮಾರು 1,100 ಮಂದಿ ಭಾರತೀಯರ ಆಂಬುಲೆನ್ಸ್ ದಳ, ಅದನ್ನು ಕಟ್ಟಿದವರು ಮೋಹನದಾಸ ಗಾಂಧಿ. ಕೆಲವು ದಿನ ಇಪ್ಪತ್ತು ಇಪ್ಪತ್ತೈದು ಮೈಲಿ ಹೊತ್ತು ನಡೆದರು. ಆರು ವರ್ಷ ಕಳೆದು, 1906ರಲ್ಲಿ, ಆನ್‌ಫೀಲ್ಡ್‌ನಲ್ಲಿ ಜನ ನಿಂತು ಆಟ ನೋಡಲು ಹೊಸ ದಿಬ್ಬ ಎದ್ದಾಗ ಅದಕ್ಕೆ ಆ ಗುಡ್ಡದ ಹೆಸರೇ ನಿಂತಿತು. ಆಗೆಲ್ಲ ಇಪ್ಪತ್ತೈದು ಸಾವಿರಕ್ಕೂ ಮೇಲ್ಪಟ್ಟು ಜನ ಅಲ್ಲಿ ಭುಜಕ್ಕೆ ಭುಜ ತಾಗಿಸಿ ನಿಲ್ಲುತ್ತಿದ್ದರು. ಈಗ ಸುಮಾರು 12,000 ಸೀಟು. ಯಾಕೆ ಕಡಿಮೆಯಾಯಿತು? 1989ರ ಏಪ್ರಿಲ್ 15ರಂದು ಶೆಫೀಲ್ಡಿನ ಹಿಲ್ಸ್‌ಬರೋ ಮೈದಾನದಲ್ಲಿ ನೂಕುನುಗ್ಗಲಿನಲ್ಲಿ ಸಿಕ್ಕಿ 97 ಮಂದಿ ಲಿವರ್‌ಪೂಲ್ ಅಭಿಮಾನಿಗಳು ಪ್ರಾಣ ಕಳೆದುಕೊಂಡರು. ಅಭಿಮಾನಿಗಳದೇನೂ ತಪ್ಪಿಲ್ಲ ಎಂದು 2016ರಲ್ಲಿ ವಿಚಾರಣೆಯ ಜ್ಯೂರಿ ಹೇಳಿತು. ಆ ದುರಂತದ ನಂತರವೇ ಇಂಗ್ಲೆಂಡಿನ ದೊಡ್ಡ ಮೈದಾನಗಳಲ್ಲಿ ಎಲ್ಲರಿಗೂ ಸೀಟು ಎಂಬ ನಿಯಮ ಬಂತು.

ಗಡಿಯಾರ ಓಡುತ್ತಿದೆ, ಉಳಿದದ್ದನ್ನು ಬೇಗ ಹೇಳಿಬಿಡುತ್ತೇನೆ. ಬ್ರಿಟನ್ನಿನ ವೀಸಾ ಅರ್ಜಿ ಪ್ರಯಾಣಕ್ಕೆ ಮೂರು ತಿಂಗಳು ಮೊದಲಿನಿಂದ ಹಾಕಬಹುದು. ಬೆರಳಿನ ಗುರುತು ಕೊಡಲು ಬೆಂಗಳೂರಿಗೆ ಹೋಗಬೇಕು. ತೀರ್ಮಾನಕ್ಕೆ ಸಾಮಾನ್ಯವಾಗಿ ಮೂರು ವಾರ. ಅರ್ಜಿ ಹಾಕುವ ಮುನ್ನಾ ದಿನ ಮಾವನ ಹತ್ತಿರ ಸಾಲ ತಂದು ಖಾತೆಗೆ ತುಂಬಿದರೆ ಅಧಿಕಾರಿಗೆ ಅನುಮಾನ ಬರುತ್ತದೆ, ಸಂಬಳದ ಲೆಕ್ಕವನ್ನೇ ತೋರಿಸಿ. ಎದುರಾಳಿ ತಂಡದ ಜೆರ್ಸಿ ತೊಟ್ಟು ಕಾಪ್‌ಗೆ ಹೋಗಬೇಡಿ, ಹೊರಗೆ ಕಳಿಸುತ್ತಾರೆ. ದೊಡ್ಡ ಬ್ಯಾಗು ಹೋಟೆಲಿನಲ್ಲೇ ಬಿಡಿ. ಪಾಸನ್ನು ರೂಮಿನ ವೈಫೈನಲ್ಲೇ ಇಳಿಸಿಕೊಳ್ಳಿ. ಅಷ್ಟು ಜನ ಸೇರಿದ ಕಡೆ ನೆಟ್‌ವರ್ಕ್ ಸಿಗುವುದು ಕಷ್ಟ. ಚಾರ್ಜು ತುಂಬಿರಲಿ. ಲೈಮ್ ಸ್ಟ್ರೀಟ್ ರೈಲು ನಿಲ್ದಾಣದಿಂದ ಮೈದಾನ ಎರಡು ಮೈಲಿ, ನಡೆದರೆ ಮುಕ್ಕಾಲು ಗಂಟೆ. ಆಟಕ್ಕೆ ಒಂದೂವರೆ ಗಂಟೆ ಮುಂಚೆ ತಲುಪಿ. ಮೇನ್ ಸ್ಟ್ಯಾಂಡಿನ ಹೊರಗೆ ಆ 97 ಹೆಸರುಗಳ ಸ್ಮಾರಕವಿದೆ, ಅದರ ಮುಂದೆ ಸ್ವಲ್ಪ ಹೊತ್ತು ನಿಂತು ಆಮೇಲೆ ಗೇಟಿಗೆ ಹೋಗಿ. ಗೇಟಿನಲ್ಲಿ ತಾಗಿಸುವ ಮೊಬೈಲು ನಿಮ್ಮದೇ, ಪಾಸಿನ ಮೇಲಿನ ಹೆಸರೂ ನಿಮ್ಮದೇ ಆಗಿರಲಿ. ನಮಸ್ಕಾರ.