ಹುಲಿಗೆ ‘ನರಿ’ ಎಂದ ಮಗು

ಎಲ್ಲರಿಗೂ ನಮಸ್ಕಾರ. ನಾನು ಹಾಸನದ ಕಡೆಯಿಂದ ವರ್ಗವಾಗಿ ದಕ್ಷಿಣ ಕೊಡಗಿನ ಒಂದು ಕಿರಿಯ ಪ್ರಾಥಮಿಕ ಶಾಲೆಗೆ ಬಂದ ಹೊಸತರಲ್ಲಿ ನಡೆದ ಒಂದು ಸಂಗತಿಯಿಂದ ಇಂದಿನ ಮಾತನ್ನು ಆರಂಭಿಸುತ್ತೇನೆ. ಒಂದನೇ ತರಗತಿಯ ಗೋಡೆಯ ಮೇಲಿದ್ದ ಪ್ರಾಣಿಗಳ ಪಟದಲ್ಲಿ ಹುಲಿಯ ಮೇಲೆ ಕೋಲಿಟ್ಟು, ಇದು ಯಾವ ಪ್ರಾಣಿ ಎಂದು ಕೇಳಿದೆ. ಮುಂದಿನ ಸಾಲಿನ ಹುಡುಗಿಯೊಬ್ಬಳು ಎಲ್ಲರಿಗಿಂತ ಮೊದಲು ಎದ್ದು, ಗಟ್ಟಿಯಾಗಿ “ನರಿ” ಎಂದಳು. ಮಕ್ಕಳು ನಕ್ಕರು. “ನರಿ ಅಲ್ಲಮ್ಮಾ, ಹುಲಿ, ಸರಿಯಾಗಿ ನೋಡಿ ಹೇಳು” ಎಂದು ನಾನು ತಿದ್ದಿದೆ. ಅವಳು ಕುಳಿತಳು. ಲಂಗದ ಅಂಚನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ, ಮಧ್ಯಾಹ್ನದವರೆಗೂ ಬಾಯಿ ತೆರೆಯಲಿಲ್ಲ.

ಊಟದ ಹೊತ್ತಿಗೆ ಬಿಸಿಯೂಟದ ಅಡುಗೆಯ ಅಕ್ಕ ನನ್ನನ್ನು ಪಕ್ಕಕ್ಕೆ ಕರೆದು, “ಟೀಚರೇ, ಅವಳು ಹೇಳಿದ್ದು ಸರಿಯೇ. ಕೊಡವ ತಕ್ಕ್‌ನಲ್ಲಿ ಹುಲಿಗೇ ನರಿ ಅನ್ನುವುದು” ಎಂದರು. ಹಿಂದಿನ ಕಾಲದಲ್ಲಿ ಹುಲಿಯನ್ನು ಕೊಂದವನಿಗೆ ಮದುವೆಯಂತೆಯೇ ನಡೆಸುತ್ತಿದ್ದ ಗೌರವಕ್ಕೆ ‘ನರಿ ಮಂಗಲ’ ಎಂಬ ಹೆಸರಿದೆ ಎಂಬುದೂ ನನಗೆ ತಿಳಿದದ್ದು ಆಮೇಲೆ. ತೋಟದ ಅಂಚಿನಲ್ಲಿ ಹುಲಿ ದನ ಹಿಡಿಯುವ ಊರಿನಲ್ಲಿ ಆ ಪದ ಮಗುವಿಗೆ ಪಟದಿಂದ ಬಂದದ್ದಲ್ಲ, ಮನೆಯ ಹಿರಿಯರ ಬಾಯಿಂದ ಬಂದದ್ದು. ತಪ್ಪಿದವಳು ನಾನು, ಸುಮ್ಮನಾದದ್ದು ಮಗು.

ಕೊಡಗಿನಲ್ಲಿ ಎಳೆಯ ಮಕ್ಕಳ ಕಲಿಕೆಗೆ ಇರುವ ದೊಡ್ಡ ತೊಡಕು ಆಟಿಕೆಯ ಕೊರತೆಯೂ ಅಲ್ಲ, ಕಟ್ಟಡದ ಕೊರತೆಯೂ ಅಲ್ಲ ಎಂಬುದು ಇಷ್ಟು ವರ್ಷ ಪಾಠ ಮಾಡಿದ ಮೇಲೆ ನನಗೆ ದೃಢವಾಗಿರುವ ಅಭಿಪ್ರಾಯ. ಮನೆಯ ಮಾತನ್ನು ಶಾಲೆ ತಪ್ಪೆಂದು ತಿದ್ದುತ್ತದೆ. ಅದನ್ನು ಕಂಡು ಹೆದರಿದ ಮನೆ ತನ್ನ ಮಾತನ್ನೇ ಬಿಟ್ಟುಕೊಡುತ್ತದೆ. 2011ರ ಜನಗಣತಿಯಲ್ಲಿ ಐದೂವರೆ ಲಕ್ಷ ಜನರಿದ್ದ ಈ ಪುಟ್ಟ ಜಿಲ್ಲೆಯಲ್ಲಿ ಕೊಡವ ತಕ್ಕ್, ಅರೆಭಾಷೆ, ಕನ್ನಡ, ತುಳು, ಮಲಯಾಳ, ಯರವರ ಮತ್ತು ಜೇನುಕುರುಬರ ಮಾತುಗಳು ಒಂದೇ ರಸ್ತೆಯ ಬದಿಯಲ್ಲಿ ಕೇಳಿಸುತ್ತವೆ. ಇವುಗಳಲ್ಲಿ ಕೊಡವ ತಕ್ಕ್ ಅಳಿವಿನ ಅಂಚಿನಲ್ಲಿರುವ ಭಾಷೆಗಳ ಯುನೆಸ್ಕೋ ಪಟ್ಟಿಯಲ್ಲಿದೆ.

ಕೆಲವು ಶಾಲೆಗಳ ಪೋಷಕರ ಸಭೆಗಳಲ್ಲಿ “ಮನೆಯಲ್ಲಿಯೂ ಇಂಗ್ಲಿಷಿನಲ್ಲೇ ಮಾತನಾಡಿ” ಎಂದು ಹೇಳಿ ಕಳುಹಿಸುವುದನ್ನು ನಾನು ಬಲ್ಲೆ. ಹೇಳುವವರ ಉದ್ದೇಶ ಒಳ್ಳೆಯದೇ ಇರಬಹುದು. ಆದರೆ ಆ ಸಂಜೆ ಮನೆಯಲ್ಲಿ ಏನಾಗುತ್ತದೆ ಎಂಬುದನ್ನು ಸ್ವಲ್ಪ ಹತ್ತಿರದಿಂದ ನೋಡಿ. ತಾಯಿ ಅವರೆಕಾಯಿ ಸುಲಿಯುತ್ತಿದ್ದಾಳೆ, ಪಕ್ಕದಲ್ಲಿ ಮೂರು ವರ್ಷದ ಮಗ ಒಂದು ಕಾಯಿ ಹಿಡಿದು ಕುಳಿತಿದ್ದಾನೆ. ತನ್ನ ಮಾತಿನಲ್ಲಾದರೆ ಅವಳು, “ಇದರೊಳಗೆ ಎಷ್ಟು ಕಾಳಿದೆ ನೋಡು, ಅಯ್ಯೋ, ಇದರಲ್ಲಿ ಹುಳ ಇದೆ, ಅದು ಒಳಗೆ ಹೇಗೆ ಹೋಯಿತು ಹೇಳು” ಎನ್ನುತ್ತಿದ್ದಳು. ಮಗ ಏನಾದರೂ ಒಂದು ಕಾರಣ ಹುಡುಕಿ ಹೇಳುತ್ತಿದ್ದ. ಅದಕ್ಕೆ ಅವಳು ಮತ್ತೊಂದು ಪ್ರಶ್ನೆ ಹಾಕುತ್ತಿದ್ದಳು. ಅರೆಬರೆ ಇಂಗ್ಲಿಷಿನಲ್ಲಿ ಇಷ್ಟೆಲ್ಲ ಹೇಳಲು ಅವಳಿಗೆ ಬಾರದು. ಆದ್ದರಿಂದ “ಕಮ್”, “ಸಿಟ್”, “ಡೋಂಟ್ ಟಚ್” ಎಂಬಷ್ಟಕ್ಕೆ ಮಾತು ಮುಗಿಯುತ್ತದೆ. ಮಗುವಿಗೆ ಹೊಸ ಭಾಷೆಯೂ ದಕ್ಕುವುದಿಲ್ಲ, ಹಳೆಯ ಭಾಷೆಯ ಕಥೆ, ಕಾರಣ, ತರ್ಕ, ತಮಾಷೆ ಎಲ್ಲವೂ ಕೈತಪ್ಪುತ್ತವೆ; ಉಳಿಯುವುದು ಆಜ್ಞೆಗಳು ಮಾತ್ರ. ಇಂಗ್ಲಿಷ್ ಕಲಿಯಬಾರದೆಂದು ನಾನು ಹೇಳುತ್ತಿಲ್ಲ, ಖಂಡಿತ ಕಲಿಯಲಿ. ತಾಯಿಯ ಬಾಯಿ ಕಟ್ಟಿ ಕಲಿಸುವ ಇಂಗ್ಲಿಷ್ ಮಾತ್ರ ನನಗೆ ಸಮ್ಮತವಲ್ಲ.

ಮಗುವಿನ ಮಿದುಳಿನ ಒಟ್ಟು ಬೆಳವಣಿಗೆಯ ಶೇ. 85ಕ್ಕೂ ಹೆಚ್ಚು ಭಾಗ ಆರು ವರ್ಷ ತುಂಬುವುದರೊಳಗೆ ಆಗುತ್ತದೆ ಎಂದು 2020ರ ರಾಷ್ಟ್ರೀಯ ಶಿಕ್ಷಣ ನೀತಿ ಬರೆದಿದೆ. ಮೂರರಿಂದ ಎಂಟು ವರ್ಷದವರೆಗಿನದನ್ನು ಒಂದೇ ಬುನಾದಿ ಹಂತವೆಂದು ಕರೆದು, ಸಾಧ್ಯವಿರುವ ಕಡೆ ಕನಿಷ್ಠ ಐದನೇ ತರಗತಿಯವರೆಗೆ ಮನೆಮಾತು ಅಥವಾ ಮಾತೃಭಾಷೆಯಲ್ಲಿ ಕಲಿಸಬೇಕೆಂದೂ ಅದು ಹೇಳುತ್ತದೆ. ಆ ನೀತಿಯ ಬಗ್ಗೆ ಬೇರೆ ತಕರಾರುಗಳಿರಬಹುದು. ಈ ಮಾತಿನಲ್ಲಿ ಮಾತ್ರ ನನಗೆ ತಕರಾರಿಲ್ಲ. ಇದೇ ಮಾತು ಮೂರು ವರ್ಷದ ಮಗುವಿನ ಕೈಗೆ ಪೆನ್ಸಿಲ್ ಕೊಟ್ಟು ಪುಟಗಟ್ಟಲೆ ತಿದ್ದಿಸುವುದಕ್ಕೂ ಅನ್ವಯಿಸುತ್ತದೆ. ಆ ವಯಸ್ಸಿನ ಬೆರಳಿಗೆ ಬೇಕಾದದ್ದು ಮಣ್ಣು, ಕಾಳು, ನೀರು, ಬಣ್ಣ.

ಒಂದು ತರಗತಿಯಲ್ಲಿ ಐದು ಮನೆಮಾತುಗಳಿದ್ದರೆ ಒಬ್ಬ ಶಿಕ್ಷಕಿ ಏನು ಮಾಡಬೇಕು ಎಂಬ ಪ್ರಶ್ನೆ ನ್ಯಾಯವಾದದ್ದು. ಐದನ್ನೂ ಕಲಿಯಬೇಕಾಗಿಲ್ಲ, ಕಿವಿಗೊಟ್ಟರೆ ಸಾಕು. ಕೊಡವ ಮನೆಯ ಮಗು ‘ಪಾಲ್’ ಎಂದಾಗ ಅದು ನಮ್ಮ ‘ಹಾಲು’. ‘ಪತ್ತ್’ ಎಂದರೆ ‘ಹತ್ತು’. ಮನೆಯಲ್ಲಿ ‘ಪುತ್ತರಿ’ ಎಂದು ಆಚರಿಸುವ ಹಬ್ಬವೇ ಪುಸ್ತಕದಲ್ಲಿ ‘ಹುತ್ತರಿ’. ಅಲ್ಲಿನ ಪಕಾರ ಇಲ್ಲಿ ಹಕಾರವಾಗುತ್ತದೆ ಎಂದು ತೋರಿಸಿಕೊಟ್ಟ ದಿನ ಮಕ್ಕಳು ತಾವೇ ಪದ ಹುಡುಕತೊಡಗಿದರು. ಯಾವ ಸುತ್ತೋಲೆಯೂ ಹೇಳದ ಪಾಠ ಅದು. ನಾಗರಹೊಳೆ ಕಾಡಿನ ಆಚೆ ಬದಿಯ ಹೆಗ್ಗಡದೇವನಕೋಟೆಯಲ್ಲಿ 1995ರಲ್ಲಿ ಆರಂಭವಾಗಿ, 2009-10ರಿಂದ ರಾಜ್ಯದ ಸರ್ಕಾರಿ ಶಾಲೆಗಳಿಗೆಲ್ಲ ಬಂದ ನಲಿ-ಕಲಿ ಎಂಬ ಕಲಿಕಾ ಪದ್ಧತಿಯಲ್ಲಿ ಇದಕ್ಕೆ ಬೇಕಾದಷ್ಟು ಜಾಗವಿದೆ: ಪ್ರತಿ ಮಗುವೂ ಕಲಿಕಾ ಏಣಿಯನ್ನು ತನ್ನ ವೇಗದಲ್ಲಿ ಹತ್ತುತ್ತದೆ, ಗುಂಪಿನಲ್ಲಿ ಕುಳಿತು ಮಾತನಾಡುತ್ತದೆ. ದಾಖಲೆ ತುಂಬುವ ಅವಸರದಲ್ಲಿ ನಾವು ಆ ಮಾತನ್ನೇ ಕಡಿಮೆ ಮಾಡಿಬಿಡುತ್ತೇವೆ.

ಇನ್ನು ಲೈನ್ ಮನೆಗಳ, ಅಂದರೆ ತೋಟದ ಕಾರ್ಮಿಕರು ವಾಸಿಸುವ ಸಾಲುಮನೆಗಳ ಮಕ್ಕಳು. ಡಿಸೆಂಬರಿನಿಂದ ಮಾರ್ಚಿಯವರೆಗೆ ಕಾಫಿ ಕೊಯ್ಲಿನ ಕಾಲದಲ್ಲಿ ಅಪ್ಪ ಅಮ್ಮ ಇಬ್ಬರೂ ತೋಟದಲ್ಲಿರುತ್ತಾರೆ. ಮಗು ಅಂಗನವಾಡಿಗೆ ಹೋಗಬೇಕೆಂದರೆ ಕರೆದೊಯ್ಯುವವರಿಲ್ಲ. ಐವತ್ತು ಅಥವಾ ಅದಕ್ಕಿಂತ ಹೆಚ್ಚು ಹೆಂಗಸರು ದುಡಿಯುವ ತೋಟದಲ್ಲಿ ಶಿಶುಪಾಲನಾ ಕೇಂದ್ರ ಇರಬೇಕೆಂದು 1951ರ ತೋಟ ಕಾರ್ಮಿಕರ ಕಾಯ್ದೆಯೇ ವಿಧಿಸಿತ್ತು, ಆದರೆ ನಮ್ಮ ಜಿಲ್ಲೆಯ ತೋಟಗಳಲ್ಲಿ ಹೆಚ್ಚಿನವು ಸಣ್ಣವು. ಎಳೆಯ ಮಕ್ಕಳ ಶಿಕ್ಷಣಕ್ಕೆ ದುಡಿದ ತಾರಾಬಾಯಿ ಮೋಡಕ್ ಮತ್ತು ಅನುತಾಯಿ ವಾಘ್ ಅವರು 1945ರಲ್ಲಿ ಮಹಾರಾಷ್ಟ್ರದ ಬೋರ್ಡಿಯಲ್ಲಿ ಬಾಲವಾಡಿ ಆರಂಭಿಸಿದಾಗಲೂ ಬಡವರ ಮಕ್ಕಳು ಬರಲಿಲ್ಲ. ಆಗ ಅವರು ಬಾಲವಾಡಿಯನ್ನೇ ಆ ಮಕ್ಕಳ ಅಂಗಳಕ್ಕೆ ಒಯ್ದರು. ಅಂಗನವಾಡಿ ಎಂಬ ಹೆಸರಿನ ಒಳಗೇ ಅಂಗಳವಿದೆ. 1975ರ ಅಕ್ಟೋಬರ್ 2ರಂದು ನಮ್ಮ ರಾಜ್ಯದ ತಿ. ನರಸೀಪುರದಲ್ಲಿ ಐಸಿಡಿಎಸ್, ಅಂದರೆ ಅಂಗನವಾಡಿಗಳನ್ನು ನಡೆಸುವ ಸಮಗ್ರ ಶಿಶು ಅಭಿವೃದ್ಧಿ ಯೋಜನೆ, ಆರಂಭವಾಗಿ ಐವತ್ತು ವರ್ಷಗಳಾದವು. ಕೊಯ್ಲಿನ ಆ ನಾಲ್ಕು ತಿಂಗಳು ದಿನಕ್ಕೆ ಎರಡು ಗಂಟೆಯಾದರೂ ಅಂಗನವಾಡಿಯ ಚಟುವಟಿಕೆ ಲೈನ್ ಮನೆಯ ಅಂಗಳದಲ್ಲೇ ನಡೆಯುವಂತೆ ತೋಟದ ಮಾಲೀಕರೂ ಪಂಚಾಯಿತಿಯೂ ಕುಳಿತು ಮಾತನಾಡಬಾರದೇ? ಅಲ್ಲಿ ಕಲಿಕೆಯ ಸಾಮಗ್ರಿಗೆ ಬರವಿಲ್ಲ. ಕಣದಲ್ಲಿ ಬಿದ್ದ ಒಂದು ಹಿಡಿ ಹಣ್ಣಿನಲ್ಲಿ ಕೆಂಪು, ಹಸಿರು, ಕಪ್ಪು ಎಂದು ಬೇರ್ಪಡಿಸುವುದೇ ವರ್ಗೀಕರಣದ ಪಾಠ. ಮಕ್ಕಳನ್ನು ಕೆಲಸಕ್ಕೆ ಹಚ್ಚಿ ಎಂದು ನಾನು ಹೇಳುತ್ತಿಲ್ಲ, ಒಂದು ಹಿಡಿ ಸಾಕು, ಅದೂ ಆಟಕ್ಕೆ.

ನರಿ ಎಂದ ಹುಡುಗಿಯನ್ನು ಮರುದಿನ ಮುಂದಕ್ಕೆ ಕರೆದು, ನೀನು ಹೇಳಿದ್ದು ಸರಿ, ನನಗೆ ಗೊತ್ತಿರಲಿಲ್ಲ ಎಂದು ಎಲ್ಲರ ಎದುರಿಗೆ ಹೇಳಿದೆ. ಪಟದ ಹುಲಿಯ ಕೆಳಗೆ ಒಂದು ಬಿಳಿ ಹಾಳೆ ಅಂಟಿಸಿ, ಯಾರ ಮನೆಯಲ್ಲಿ ಏನೆನ್ನುತ್ತಾರೋ ಕೇಳಿ ಬನ್ನಿ ಎಂದೆ. ಹುಲಿ, ನರಿ, ಪಿಲಿ, ಕಡುವ ಎಂದು ಹಾಳೆ ತುಂಬುತ್ತ ಬಂತು. ಅಸ್ಸಾಮಿನಿಂದ ತೋಟದ ಕೆಲಸಕ್ಕೆ ಬಂದ ಕುಟುಂಬದ ಹುಡುಗನೊಬ್ಬ ಏನೂ ಹೇಳದೆ ಉಳಿದಿದ್ದ. ವಾರ ಕಳೆದ ಮೇಲೆ, ಅದುವರೆಗೂ ಗೇಟಿನ ಹೊರಗೇ ಮಗನನ್ನು ಬಿಟ್ಟು ಹೋಗುತ್ತಿದ್ದ ಅವನ ತಾಯಿ ಅವನ ಕೈ ಹಿಡಿದು ಬಾಗಿಲವರೆಗೆ ಬಂದು, ಪಟದ ಕಡೆ ಬೆರಳು ತೋರಿಸಿ “ಬಾಘ್” ಎಂದಳು. ನಾನು ಅವಳ ಎದುರಿಗೇ ಅದನ್ನು ಕನ್ನಡ ಅಕ್ಷರದಲ್ಲಿ ಬರೆದೆ. ಹುಡುಗ ಬಂದು ಆ ಅಕ್ಷರಗಳ ಮೇಲೆ ಬೆರಳಾಡಿಸಿದ.