ಬಿಸಿಲೂರಿನ ಕಂಪ್ಯೂಟರು, ಒಂದು ಕಾಳಿನಷ್ಟು ಪೇಸ್ಟು

ಕೇಳುಗರೆಲ್ಲರಿಗೂ ನಮಸ್ಕಾರ.

ನಮ್ಮ ರಾಯಚೂರಿನಲ್ಲಿ ಥರ್ಮಲ್ ಅಂದರೆ ಶಕ್ತಿನಗರದ ಕರೆಂಟ್ ಸ್ಥಾವರ. ಬೇರೆ ಅರ್ಥವೇ ಇಲ್ಲ. ಹೋದ ಬೇಸಿಗೆಯಲ್ಲಿ ಗಂಜ್‌ನ, ಅಂದರೆ ಕೃಷಿ ಮಾರುಕಟ್ಟೆಯ, ಒಬ್ಬ ಅಡತ್ತಿ ಸಾಹುಕಾರರ ಕಂಪ್ಯೂಟರ್ ಬಿಚ್ಚಿ ನೋಡಿ, "ಸಾವ್ಕಾರ್ರೇ, ಥರ್ಮಲ್ ಪೇಸ್ಟ್ ಒಣಗಿ ಹೋಗಿದೆ, ಹೊಸದು ಹಚ್ಚಬೇಕು" ಅಂದೆ. ಅವರು ಬಾಯಲ್ಲಿದ್ದ ಎಲೆಯಡಿಕೆಯನ್ನು ಒಂದು ಪಕ್ಕಕ್ಕೆ ಸರಿಸಿ, "ಥರ್ಮಲ್‌ನಾಗ ನಮ್ಮ ಅಳಿಯ ಅದಾನ ತಮ್ಮಾ. ಒಂದು ಮಾತು ಹೇಳಿದ್ರ ಡಬ್ಬಿಗಟ್ಟಲೆ ತಂದು ಕೊಡ್ತಾನ ನೋಡು" ಅಂದರು.

ನಗು ಬಂತು. ಆದರೆ ಆಮೇಲೆ ಯೋಚನೆ ಮಾಡಿದರೆ ಅವರ ಮಾತು ಪೂರ್ತಿ ತಪ್ಪೂ ಅಲ್ಲ. ಶಕ್ತಿನಗರದಲ್ಲಿ 1985ರಲ್ಲಿ ಮೊದಲ ಘಟಕ ಶುರುವಾಯಿತು. ಈಗ ಎಂಟು ಘಟಕ, ಒಟ್ಟು 1720 ಮೆಗಾವ್ಯಾಟ್. ಅಲ್ಲಿ ಕಲ್ಲಿದ್ದಲು ಸುಡುವುದು ಎಷ್ಟು ದೊಡ್ಡ ಕೆಲಸವೋ, ಬೇಡವಾದ ಬಿಸಿಯನ್ನು ಹೊರಗೆ ಸಾಗಿಸುವುದೂ ಅಷ್ಟೇ ದೊಡ್ಡ ಕೆಲಸ. ಅದಕ್ಕೇ ಕೃಷ್ಣೆಯ ನೀರು ಬೇಕು. ಕಂಪ್ಯೂಟರಿನ ಒಳಗೂ ಅದೇ ಕಥೆ, ಬೆಂಕಿಪೊಟ್ಟಣಕ್ಕಿಂತ ಸಣ್ಣ ಜಾಗದಲ್ಲಿ.

ಮೊದಲು ಒಂದು ಹೆಸರಿನ ಗೊಂದಲ ಬಿಡಿಸಿಬಿಡೋಣ. ನಮ್ಮ ಕಡೆ ಮೇಜಿನ ಕೆಳಗಿನ ಇಡೀ ಡಬ್ಬಿಗೆ ಸಿಪಿಯು ಅಂತಾರೆ. ಅಸಲಿಗೆ ಸಿಪಿಯು, ಅಂದರೆ ಪ್ರೊಸೆಸರ್, ಆ ಡಬ್ಬಿಯೊಳಗಿನ ಬೋರ್ಡಿನ ಮೇಲೆ ಕೂತಿರುವ ಒಂದು ಸಣ್ಣ ಚೌಕ ಬಿಲ್ಲೆ. ಲೆಕ್ಕವೆಲ್ಲ ಮಾಡುವುದು ಅದೇ, ಬಿಸಿಯಾಗುವುದೂ ಅದೇ. ಅದರ ಮೇಲೆ ಅಲ್ಯೂಮಿನಿಯಂ ಅಥವಾ ತಾಮ್ರದ ಒಂದು ಗಡ್ಡೆ, ಅದಕ್ಕೆ ತೆಳುವಾದ ರೆಕ್ಕೆಗಳು. ಅದು ಹೀಟ್‌ಸಿಂಕ್. ಅದರ ಮೇಲೊಂದು ಫ್ಯಾನ್. ಪ್ರೊಸೆಸರಿನ ಬಿಸಿ ಹೀಟ್‌ಸಿಂಕಿಗೆ ಹತ್ತಬೇಕು, ಫ್ಯಾನ್ ಅದನ್ನು ಗಾಳಿಗೆ ತೂರಬೇಕು. ಇಷ್ಟೇ ವ್ಯವಸ್ಥೆ.

ಹಾಗಾದರೆ ನಡುವೆ ಈ ಪೇಸ್ಟ್ ಯಾಕೆ? ಜೋಳದ ರೊಟ್ಟಿ ಬೇಯಿಸುವುದನ್ನು ನೋಡಿದ್ದೀರಲ್ಲ. ಹಂಚಿನ ಮೇಲೆ ರೊಟ್ಟಿ ಹಾಕಿ, ಅರಿವೆಯಿಂದ ಅಲ್ಲಲ್ಲಿ ಒತ್ತುತ್ತಾರೆ. ರೊಟ್ಟಿ ಎಲ್ಲಿ ಹಂಚಿಗೆ ತಾಗದೆ ಎದ್ದು ನಿಂತಿರುತ್ತದೋ, ಅಲ್ಲಿ ಹಸಿ ಉಳಿಯುತ್ತದೆ. ಕೆಳಗೆ ಸಿಕ್ಕಿಕೊಂಡ ಗಾಳಿ ಬಿಸಿಯನ್ನು ದಾಟಿಸುವುದಿಲ್ಲ. ಪ್ರೊಸೆಸರಿನ ಮೇಲ್ಮೈ, ಹೀಟ್‌ಸಿಂಕಿನ ತಳ ಎರಡೂ ಕಣ್ಣಿಗೆ ಕನ್ನಡಿಯ ಹಾಗೆ ಕಾಣುತ್ತವೆ. ಆದರೆ ಸೂಕ್ಷ್ಮವಾಗಿ ನೋಡಿದರೆ ತಗ್ಗು ದಿನ್ನೆ, ಗೀರು. ಒಂದರ ಮೇಲೊಂದು ಇಟ್ಟರೆ ಅಲ್ಲಲ್ಲಿ ಮಾತ್ರ ತಾಗುತ್ತವೆ, ಉಳಿದ ಕಡೆ ಗಾಳಿ. ಆ ಸಂದು ತುಂಬುವುದಕ್ಕೇ ಪೇಸ್ಟ್.

ಇಲ್ಲಿ ಸ್ವಲ್ಪ ಲೆಕ್ಕ ಹೇಳುತ್ತೇನೆ. ಬಿಸಿ ದಾಟಿಸುವ ಶಕ್ತಿಯನ್ನು ಅಳೆಯುವ ಒಂದು ಮಾಪನ ಇದೆ. ಅದರಲ್ಲಿ ಗಾಳಿಗೆ ಸಿಗುವ ಅಂಕ ಸುಮಾರು 0.026. ತಾಮ್ರಕ್ಕೆ ಸುಮಾರು 400. ಸಾಧಾರಣ ಒಳ್ಳೆಯ ಪೇಸ್ಟಿಗೆ 5 ಅಂದುಕೊಳ್ಳಿ. ಅಂದರೆ ಪೇಸ್ಟು ಗಾಳಿಗಿಂತ ನೂರಾರು ಪಟ್ಟು ವಾಸಿ, ಆದರೆ ತಾಮ್ರದ ಮುಂದೆ ಏನೇನೂ ಅಲ್ಲ. ಈ ಒಂದು ವಿಷಯ ಹಿಡಿದುಕೊಂಡರೆ ಉಳಿದದ್ದೆಲ್ಲ ತಾನೇ ಅರ್ಥವಾಗುತ್ತದೆ. ಪೇಸ್ಟು ಬೇಕಾಗಿರುವುದು ಗಾಳಿ ಇರುವ ಸಂದಿಗೆ ಮಾತ್ರ. ಲೋಹಕ್ಕೆ ಲೋಹ ತಾಗುವ ಕಡೆ ಅದು ಅಡ್ಡ ಬರಬಾರದು. ದಪ್ಪಗೆ ಬಳಿದರೆ ನಾವೇ ನಡುವೆ ಗೋಡೆ ಕಟ್ಟಿದ ಹಾಗೆ.

ಈ ಪೇಸ್ಟನ್ನು ನಾನು ಮೊದಲು ನೋಡಿದ್ದು ಕಂಪ್ಯೂಟರಿನಲ್ಲಿ ಅಲ್ಲ, ಮೈಕ್ ಸೆಟ್ ಅಂಗಡಿಯಲ್ಲಿ. ಆಂಪ್ಲಿಫೈಯರಿನ ದೊಡ್ಡ ಟ್ರಾನ್ಸಿಸ್ಟರಿನ ಕೆಳಗೆ ತೆಳ್ಳಗಿನ ಅಭ್ರಕದ ಹಾಳೆ ಇಟ್ಟು, ಅದರ ಎರಡೂ ಬದಿಗೆ ಬೆಳ್ಳಗಿನ ಜಿಡ್ಡು ಸವರುತ್ತಿದ್ದರು. ಸಿಲಿಕೋನ್ ಎಣ್ಣೆಯಲ್ಲಿ ಸತುವಿನ ಆಕ್ಸೈಡ್ ಪುಡಿ ಕಲಸಿದ್ದು ಅದು. ಇವತ್ತಿನ ಬೂದು ಬಣ್ಣದ ಪೇಸ್ಟು ಅದರ ಮೊಮ್ಮಗ. ಎಣ್ಣೆ ಅದೇ ಜಾತಿಯದು, ಒಳಗಿನ ಪುಡಿ ಬೇರೆ: ಕೆಲವದರಲ್ಲಿ ಅಲ್ಯೂಮಿನಿಯಂ, ಕೆಲವದರಲ್ಲಿ ಬೆಳ್ಳಿ. ವರ್ಷಗಟ್ಟಲೆ ಕಾದು, ಆರಿ, ಮತ್ತೆ ಕಾದು, ಎಣ್ಣೆ ಅಂಚಿಗೆ ಹರಿದು ಹೋಗುತ್ತದೆ. ಉಳಿದದ್ದು ಒಣಗಿ ಸುಣ್ಣದ ಹಕ್ಕಳೆಯಂತಾಗುತ್ತದೆ. ಆಗ ಬದಲಿಸಬೇಕು.

ಸಾಹುಕಾರರ ಕಂಪ್ಯೂಟರಿನ ತೊಂದರೆ ಏನಿತ್ತು ಗೊತ್ತಾ? ಬೆಳಿಗ್ಗೆ ಚೆನ್ನಾಗಿ ನಡೆಯುತ್ತಿತ್ತು. ಮಧ್ಯಾಹ್ನ ಎರಡು ಗಂಟೆ ದಾಟಿದ ಮೇಲೆ ತೂಕಡಿಸುವುದು, ಮೂರಕ್ಕೆ ಸುಮ್ನೆ ಆಫ್ ಆಗುವುದು. ವೈರಸ್ ಅಂದರು ಒಬ್ಬರು. ಕರೆಂಟ್ ಸರಿ ಇಲ್ಲ ಅಂದರು ಇನ್ನೊಬ್ಬರು. ನಿಜ ಏನಂದರೆ, ಬಹಳಷ್ಟು ಪ್ರೊಸೆಸರುಗಳು 100 ಡಿಗ್ರಿಯ ಹತ್ತಿರ ಬಂದರೆ ತಾವೇ ವೇಗ ಇಳಿಸಿಕೊಳ್ಳುತ್ತವೆ. ನಡು ಮಧ್ಯಾಹ್ನ ಹತ್ತಿ ಬಿಡಿಸುವವರು ಬೇವಿನ ಮರದ ನೆರಳು ಹುಡುಕುತ್ತಾರಲ್ಲ, ಹಾಗೆ. ಅಷ್ಟಾದರೂ ಬಿಸಿ ಏರಿದರೆ ಜೀವ ಉಳಿಸಿಕೊಳ್ಳಲು ಪೂರ್ತಿ ಆಫ್ ಆಗುತ್ತವೆ.

ಇದರಲ್ಲಿ ನಮ್ಮೂರಿನ ಪಾಲೂ ಇದೆ. ಪ್ರೊಸೆಸರಿನ ಬಿಸಿ ಯಾವಾಗಲೂ ಕೋಣೆಯ ಬಿಸಿಯ ಮೇಲೆ ಏರುತ್ತದೆ. ಕೆಲಸ ಮಾಡುವಾಗ ಅದು ಕೋಣೆಗಿಂತ 40 ಡಿಗ್ರಿ ಜಾಸ್ತಿ ಇರುತ್ತದೆ ಅಂತ ಇಟ್ಟುಕೊಳ್ಳಿ. 26 ಡಿಗ್ರಿಯ ಕೋಣೆಯಲ್ಲಿ 66 ಆಯಿತು. ಅದೇ ಯಂತ್ರ ನಮ್ಮ ಮೇ ತಿಂಗಳ 41 ಡಿಗ್ರಿಯ ಅಂಗಡಿಯಲ್ಲಿ 81. ಅದಕ್ಕೇ ಬೇರೆ ಊರಿನವರು ಹೇಳುವ ಅಂಕಿಯನ್ನು ನೋಡಿ ಇಲ್ಲಿ ಗಾಬರಿಯಾಗಬೇಡಿ. ಯಾವ ದುಬಾರಿ ಪೇಸ್ಟ್ ಹಚ್ಚಿದರೂ, ಎಂಥ ಫ್ಯಾನ್ ಹಾಕಿದರೂ, ಕೋಣೆಗಿಂತ ತಣ್ಣಗೆ ಮಾಡಲು ಅದಕ್ಕೆ ಆಗುವುದಿಲ್ಲ.

ಇನ್ನೊಂದು ಪಾಲು ಧೂಳಿನದು. ಸಾಹುಕಾರರ ಡಬ್ಬಿ ತೆರೆದರೆ ಹೀಟ್‌ಸಿಂಕಿನ ರೆಕ್ಕೆಗಳೇ ಕಾಣಲಿಲ್ಲ. ಹತ್ತಿಯ ನವಿರು ಎಳೆ, ಮೇಲೆ ಮಣ್ಣು, ಎರಡೂ ಸೇರಿ ಕೌದಿ ಹೊದಿಸಿದ ಹಾಗಿತ್ತು. ಬಳ್ಳಾರಿ, ಸಂಡೂರು ಕಡೆಯ ಗೆಳೆಯರು ಅದಿರಿನ ಕೆಂಪು ಧೂಳಿನ ಕಥೆ ಹೇಳುತ್ತಾರೆ. ಗಂಗಾವತಿಯ ರೈಸ್ ಮಿಲ್ಲುಗಳಲ್ಲಿ ತೌಡು. ನನ್ನ ಅನುಭವದಲ್ಲಿ ಪೇಸ್ಟ್ ಬದಲಿಸಬೇಕು ಅಂತ ಬಂದ ಯಂತ್ರಗಳಲ್ಲಿ ಅರ್ಧಕ್ಕೆ ಧೂಳು ತೆಗೆದರೇ ಸಾಕಾಗುತ್ತದೆ. ಹಾಗಾಗಿ ಮೊದಲು ಬ್ರಷ್, ಆಮೇಲೆ ಪೇಸ್ಟ್. ಬ್ಲೋವರ್ ಹಿಡಿಯುವಾಗ ಮಾತ್ರ ಫ್ಯಾನಿನ ರೆಕ್ಕೆ ಬೆರಳಿಂದ ಹಿಡಿದುಕೊಳ್ಳಿ. ಗಾಳಿಯ ರಭಸಕ್ಕೆ ಗಿರಗಿರ ತಿರುಗಿದರೆ ಬೇರಿಂಗ್ ಹಾಳಾಗುತ್ತದೆ.

ಈಗ ಬಿಚ್ಚುವ ವಿಷಯ. ಇಲ್ಲಿ ನನ್ನದೇ ಒಂದು ತಪ್ಪು ಹೇಳಬೇಕು. ಅಂಗಡಿ ಇಟ್ಟ ಹೊಸತು. ಕಾಲೇಜು ಹುಡುಗನೊಬ್ಬ ಎಎಂಡಿ ಕಂಪನಿಯ ರೈಜನ್ ಪ್ರೊಸೆಸರಿನ ಯಂತ್ರ ತಂದಿದ್ದ, ಎಎಂ4 ಜಾತಿಯದು. ಆ ಜಾತಿಯಲ್ಲಿ ಪಿನ್ನುಗಳು ಪ್ರೊಸೆಸರಿನ ಹೊಟ್ಟೆಯ ಕೆಳಗೇ ಇರುತ್ತವೆ, ಒಟ್ಟು 1331. ಕೂದಲೆಳೆಯಂಥವು. ನಾನು ಕ್ಲಿಪ್ ತೆಗೆದೆ, ಹೀಟ್‌ಸಿಂಕ್ ಹಿಡಿದು ಜಗ್ಗಿದೆ. ಒಣಗಿದ ಪೇಸ್ಟು ಅಂಟಿನ ಹಾಗೆ ಹಿಡಿದಿತ್ತು. ಪಟ್ ಅಂತ ಪ್ರೊಸೆಸರೂ ಸಾಕೆಟ್ಟಿನಿಂದ, ಅಂದರೆ ಬೋರ್ಡಿನ ಮೇಲಿನ ತನ್ನ ಗೂಡಿನಿಂದ, ಕಿತ್ತುಕೊಂಡು ಮೇಲೆ ಬಂತು. ಏಳು ಪಿನ್ನು ಬಾಗಿದ್ದವು. ಹುಡುಗ ನನ್ನ ಮುಖ ನೋಡಿದ, ನಾನು ನೆಲ ನೋಡಿದೆ. ಕಡ್ಡಿ ಇಲ್ಲದ ಮೆಕ್ಯಾನಿಕಲ್ ಪೆನ್ಸಿಲಿನ ತುದಿಯಲ್ಲಿ ಒಂದೊಂದೇ ಪಿನ್ನು ತೂರಿಸಿ, ಉಸಿರು ಬಿಗಿಹಿಡಿದು ನೆಟ್ಟಗೆ ಮಾಡಿದೆ. ಎರಡು ತಾಸು ಹಿಡಿಯಿತು. ಪುಣ್ಯಕ್ಕೆ ಒಂದೂ ಮುರಿಯಲಿಲ್ಲ.

ಅಂದಿನಿಂದ ನಾನು ಮಾಡುವುದು ಹೀಗೆ. ಬಿಚ್ಚುವ ಮೊದಲು ಯಂತ್ರವನ್ನು ಹತ್ತು ನಿಮಿಷ ಓಡಿಸುತ್ತೇನೆ. ಬಿಸಿಗೆ ಪೇಸ್ಟು ಮೆತ್ತಗಾಗುತ್ತದೆ. ಆಮೇಲೆ ಆಫ್ ಮಾಡಿ, ಪ್ಲಗ್ ಕಿತ್ತು, ಪವರ್ ಬಟನ್ ಒಂದೆರಡು ಸಲ ಒತ್ತಿ ಒಳಗೆ ಉಳಿದ ಕರೆಂಟನ್ನು ಖಾಲಿ ಮಾಡುತ್ತೇನೆ. ಕ್ಯಾಬಿನೆಟ್ಟಿನ ಬರಿ ಲೋಹ ಒಮ್ಮೆ ಮುಟ್ಟುತ್ತೇನೆ, ಮೈಮೇಲಿನ ಸ್ಥಿರ ವಿದ್ಯುತ್ ಹೋಗಲಿ ಅಂತ. ಡಬ್ಬಿಯನ್ನು ಮಲಗಿಸಿ, ಮೊಬೈಲಿನಲ್ಲಿ ಒಂದು ಫೋಟೊ ತೆಗೆದು, ಫ್ಯಾನಿನ ವೈರ್ ಬಿಡಿಸುತ್ತೇನೆ. ಇಂಟೆಲ್‌ನ ಪೆಟ್ಟಿಗೆಯಲ್ಲಿ ಬರುವ ಫ್ಯಾನಿಗೆ ಬಹಳಷ್ಟು ಕಡೆ ನಾಲ್ಕು ಪ್ಲಾಸ್ಟಿಕ್ ಗೂಟ ಇರುತ್ತವೆ. ತಲೆಯ ಮೇಲಿನ ಬಾಣದ ದಿಕ್ಕಿಗೆ ಕಾಲು ಸುತ್ತು ತಿರುಗಿಸಿ ಮೇಲೆ ಎಳೆದರೆ ಬಿಡುತ್ತವೆ. ಸ್ಕ್ರೂ ಇದ್ದರೆ ಎದುರುಬದುರು ಮೂಲೆಗಳನ್ನು ಸ್ವಲ್ಪ ಸ್ವಲ್ಪವೇ ಸಡಿಲಿಸಬೇಕು. ಕೊನೆಗೆ ಹೀಟ್‌ಸಿಂಕನ್ನು ಎಡಕ್ಕೂ ಬಲಕ್ಕೂ ಮೆಲ್ಲಗೆ ತಿರುವಬೇಕು. ಹಿಡಿತ ಬಿಟ್ಟಿದ್ದು ಕೈಗೆ ಗೊತ್ತಾಗುತ್ತದೆ. ಆಗ ಎತ್ತಿ.

ಹಳೆ ಪೇಸ್ಟನ್ನು ಮೊದಲು ಒಣ ಟಿಶ್ಯೂನಿಂದ ಒರೆಸಿ. ಅಂಚಿನಿಂದ ನಡುವಿಗೆ ಒರೆಸಬೇಕು, ಇಲ್ಲದಿದ್ದರೆ ಬೋರ್ಡಿಗೆಲ್ಲ ಮೆತ್ತುತ್ತದೆ. ಪ್ರೊಸೆಸರನ್ನು ಸಾಕೆಟ್ಟಿನಿಂದ ಹೊರಗೆ ತೆಗೆಯುವ ಅಗತ್ಯ ಇಲ್ಲ, ಅಲ್ಲೇ ಇರಲಿ. ಉಳಿದ ಕಲೆಗೆ ಐಸೊಪ್ರೊಪೈಲ್ ಆಲ್ಕೋಹಾಲ್. ಮೊಬೈಲ್ ರಿಪೇರಿಯವರು ಇದನ್ನು ಐಪಿಎ ಅಂತಾರೆ. ಶೇಕಡ 99ರದು ಸಿಕ್ಕರೆ ಒಳ್ಳೆಯದು, 90ಕ್ಕಿಂತ ಕಡಿಮೆಯದು ಬೇಡ, ನೀರು ಜಾಸ್ತಿ ಇರುತ್ತದೆ. ಕನ್ನಡಕ ಒರೆಸುವಂಥ ನವಿರು ಬಟ್ಟೆಗೆ ನಾಲ್ಕು ಹನಿ ಹಾಕಿ ಒರೆಸಿ, ಒಣಗಲು ಬಿಡಿ. ಸ್ಯಾನಿಟೈಸರ್ ಬೇಡ, ಅದರಲ್ಲಿ ಗ್ಲಿಸರಿನ್ ಇರುತ್ತದೆ. ಪೆಟ್ರೋಲ್, ಥಿನ್ನರ್, ಬ್ಲೇಡು, ಉಪ್ಪುಕಾಗದ ಇವೆಲ್ಲ ಪ್ರಯೋಗ ಮಾಡಿದವರನ್ನು ನೋಡಿದ್ದೇನೆ. ಅವರು ಆಮೇಲೆ ನನ್ನ ಅಂಗಡಿಗೇ ಬಂದಿದ್ದಾರೆ.

ಇನ್ನು ಹಚ್ಚುವುದು. ಸಾಹುಕಾರರ ಮುಂದೆಯೇ ಪ್ರೊಸೆಸರಿನ ನಟ್ಟನಡುವೆ ಒಂದು ತೊಗರಿ ಕಾಳಿನಷ್ಟು ಪೇಸ್ಟ್ ಇಟ್ಟೆ. ಅವರ ಮುಖ ಸಣ್ಣದಾಯಿತು.

"ಇಷ್ಟಾ? ಮುನ್ನೂರು ರೂಪಾಯಿ ಇಸ್ಕೊಂಡು ಇಷ್ಟ ಹಚ್ತೀ ಏನು?"

"ನೀವು ಎಲೆಗೆ ಎಷ್ಟು ಸುಣ್ಣ ಹಚ್ತೀರಿ ಸಾವ್ಕಾರ್ರೇ?" ಅಂತ ಕೇಳಿದೆ.

"ಬೆರಳ ತುದಿಯಷ್ಟು. ಜಾಸ್ತಿಯಾದ್ರ ಬಾಯಿ ಸುಡ್ತದ."

"ಇದೂ ಅಷ್ಟೇ ರೀ."

ಬೆರಳಿಂದ ಸವರುವುದು ಬೇಡ. ಹೀಟ್‌ಸಿಂಕನ್ನು ನೇರವಾಗಿ ಮೇಲಿಂದ ಇಳಿಸಿ, ಎದುರುಬದುರು ಮೂಲೆ ಒತ್ತಿದರೆ ಪೇಸ್ಟು ತಾನೇ ಹರಡುತ್ತದೆ. ಹೊಸ ಇಂಟೆಲ್ ಪ್ರೊಸೆಸರುಗಳು ಸ್ವಲ್ಪ ಉದ್ದಕ್ಕಿವೆ, ಅವಕ್ಕೆ ಉದ್ದನೆಯ ಒಂದು ಗೆರೆ ಎಳೆದರಾಯಿತು. ಒಮ್ಮೆ ಕೂರಿಸಿದ ಮೇಲೆ ಹೇಗೆ ಹರಡಿದೆ ನೋಡೋಣ ಅಂತ ಎತ್ತಬೇಡಿ. ಎತ್ತಿದರೆ ಗಾಳಿಗುಳ್ಳೆ ಸೇರುತ್ತದೆ, ಮತ್ತೆ ಒರೆಸಿ ಹೊಸದಾಗಿ ಹಚ್ಚಬೇಕು. ಹೊಸ ಹೀಟ್‌ಸಿಂಕ್ ತಂದಿದ್ದರೆ ತಳ ತಿರುಗಿಸಿ ನೋಡಿ. ಕಾರ್ಖಾನೆಯಲ್ಲೇ ಪೇಸ್ಟ್ ಬಳಿದಿದ್ದರೆ ಅದರ ಮೇಲೆ ಇನ್ನೊಂದು ಬೇಡ. ಪ್ಲಾಸ್ಟಿಕ್ ಹಾಳೆ ಅಂಟಿಸಿದ್ದರೆ ಕಿತ್ತುಹಾಕಿ. ಅದನ್ನು ಹಾಗೇ ಬಿಟ್ಟು ಕೂರಿಸಿ, ಹೊಸದೂ ಕಾಯುತ್ತದಲ್ಲ ಅಂತ ತಲೆ ಕೆರೆದುಕೊಂಡವರು ಬಹಳ ಜನ. ಫ್ಯಾನಿನ ವೈರನ್ನೂ ಮರೆಯದೆ ಚುಚ್ಚಿ.

ಲಿಕ್ವಿಡ್ ಮೆಟಲ್ ಅಂತ ಒಂದು ಬಂದಿದೆ, ಹುಡುಗರು ಕೇಳುತ್ತಾರೆ. ಅದರಲ್ಲಿ ಮುಖ್ಯವಾಗಿ ಇರುವುದು ಗ್ಯಾಲಿಯಂ. ಗ್ಯಾಲಿಯಂ 30 ಡಿಗ್ರಿಗೇ ಕರಗುವ ಲೋಹ, ನಮ್ಮೂರಿನ ಬೇಸಿಗೆಯಲ್ಲಿ ಮೇಜಿನ ಮೇಲಿಟ್ಟರೆ ತಾನೇ ನೀರಾಗುತ್ತದೆ. ಬಿಸಿ ದಾಟಿಸುವುದರಲ್ಲಿ ಎತ್ತಿದ ಕೈ, ನಿಜ. ಆದರೆ ಅಲ್ಯೂಮಿನಿಯಂ ಹೀಟ್‌ಸಿಂಕನ್ನು ತಿಂದುಬಿಡುತ್ತದೆ. ಮೇಲಾಗಿ ಕರೆಂಟ್ ಹರಿಸುತ್ತದೆ, ಒಂದು ಹನಿ ಬೋರ್ಡಿಗೆ ಬಿದ್ದರೆ ಮುಗಿಯಿತು. ಬಿಲ್ ಮಾಡುವ ಕಂಪ್ಯೂಟರಿಗೆ ಅದು ಯಾಕೆ?

ಎಷ್ಟು ದಿನಕ್ಕೊಮ್ಮೆ ಅಂತ ಕೇಳಿದರೆ, ಮೇಜಿನ ಕಂಪ್ಯೂಟರಿಗೆ ಮೂರು ನಾಲ್ಕು ವರ್ಷಕ್ಕೆ ಸಾಕು ಅಂತೀನಿ. ಲ್ಯಾಪ್‌ಟಾಪಿಗೆ ಸ್ವಲ್ಪ ಬೇಗ. ಅದನ್ನು ಬಿಚ್ಚುವುದು ಸೂಕ್ಷ್ಮ, ಬ್ಯಾಟರಿ ವೈರ್ ಮೊದಲು ಬಿಡಿಸಬೇಕು, ಹೀಟ್‌ಸಿಂಕಿನ ಸ್ಕ್ರೂ ಪಕ್ಕ 1, 2, 3 ಅಂತ ಬರೆದಿದ್ದರೆ ಆ ಕ್ರಮದಲ್ಲೇ ಬಿಗಿಯಬೇಕು. ಧೂಳು ತೆಗೆಯುವುದು ಮಾತ್ರ ಆರು ತಿಂಗಳಿಗೊಮ್ಮೆ ಆಗಲಿ, ಬೇಸಿಗೆಗೆ ಮುಂಚೆ ತಪ್ಪದೆ. ಇನ್ನು ಕ್ಯಾಬಿನೆಟ್ಟಿನ ಬಾಗಿಲು ತೆಗೆದು ಏರ್ ಕೂಲರನ್ನು ಅದರ ಮುಂದೆ ನಿಲ್ಲಿಸುವ ಅಭ್ಯಾಸ ನಮ್ಮ ಕಡೆ ಇದೆ. ಕೂಲರಿನ ತೇವದ ಗಾಳಿಗೆ ಧೂಳು ಕೆಸರಾಗಿ ಹತ್ತಿಕೊಳ್ಳುತ್ತದೆ. ಮನುಷ್ಯರ ಕಡೆ ತಿರುಗಿಸಿಕೊಳ್ಳಿ, ಅವರಿಗೂ ಸೆಖೆ ಇದೆ.

ಸಾಹುಕಾರರ ಯಂತ್ರ ಚಾಲೂ ಮಾಡಿ, ಮಧ್ಯಾಹ್ನ ಮೂರರ ತನಕ ಅಲ್ಲೇ ಕೂತೆ. ಬಯೋಸ್‌ನಲ್ಲಿ, ಅಂದರೆ ವಿಂಡೋಸ್ ಶುರುವಾಗುವ ಮುಂಚೆ ತೆರೆಯುವ ಸೆಟ್ಟಿಂಗ್ ಪರದೆಯಲ್ಲಿ, ಬೆಳಿಗ್ಗೆ ಬರಿದೇ ಕೂತಾಗಲೇ 85 ತೋರಿಸುತ್ತಿದ್ದದ್ದು ಈಗ 56ಕ್ಕೆ ನಿಂತಿತ್ತು. ಸಾಲಾಗಿ ಹತ್ತಿಯ ಲಾಟಿನ ಪಟ್ಟಿಗಳು ಪ್ರಿಂಟ್ ಆದವು, ಯಂತ್ರ ಆಫ್ ಆಗಲಿಲ್ಲ. ಸಾಹುಕಾರರು ಗುಮಾಸ್ತರಿಗೆ ಸನ್ನೆ ಮಾಡಿದರು. ಗುಮಾಸ್ತರು ಕೆಂಪು ರಟ್ಟಿನ ಖಾತೆ ಪುಸ್ತಕ ತೆಗೆದು, ನನಗೆ ಕೊಟ್ಟ ದುಡ್ಡಿನ ಲೆಕ್ಕ ಬರೆದುಕೊಂಡರು. ನಾನು ಬಗ್ಗಿ ನೋಡಿದೆ. "ಕಂಪ್ಯೂಟರಿಗೆ ಸುಣ್ಣ, 300 ರೂ." ಅಂತ ಇತ್ತು.

ನಮಸ್ಕಾರ.